ಹೈನುಗಾರರ ಮನೆಯ ಮಕ್ಕಳು: ಹೊಟ್ಟೆಯ ಜೊತೆಗೆ ಮನಸ್ಸಿಗೂ ಪೋಷಣೆ



ಈ ಪುಟದಲ್ಲಿ ಕೆಚ್ಚಲು ಬಾವು, ಬರಡುತನ, ಹಸಿರು ಮೇವು, ಖನಿಜ ಮಿಶ್ರಣ ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಬಾರಿ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ. "ದನದ ಡಾಕ್ಟರಿಗೆ ಮಕ್ಕಳ ಉಸಾಬರಿ ಏಕೆ?" ಎಂದು ತಾವು ಕೇಳಬಹುದು. ಕಾರಣವಿದೆ. ಹಸು ನೋಡಲು ಬಂದ ನಮಗೆ ಹಗ್ಗ ಹಿಡಿದು ನಿಲ್ಲುವವರು, ಬಿಸಿನೀರು, ಸೋಪು ತಂದುಕೊಡುವವರು ಬಹಳಷ್ಟು ಸಲ ನಿಮ್ಮ ಮನೆಯ ಮಕ್ಕಳೇ. ಕರುವಿಗೆ ಜಂತುಹುಳುವಿನ ಔಷಧಿ ಯಾವ ದಿನ ಕುಡಿಸಿದಿರಿ ಎಂದು ಕೇಳಿದರೆ ಯಜಮಾನರು ತಡವರಿಸುವಾಗ ಆರನೇ ತರಗತಿಯ ಹುಡುಗಿ ತಾರೀಖು ಸಮೇತ ಹೇಳಿಬಿಡುತ್ತಾಳೆ. ಕೊಟ್ಟಿಗೆಯ ಮೂಲೆಯಲ್ಲಿ ನಿಂತು ಇವರನ್ನು ನೋಡುತ್ತಾ ಬಂದಿರುವ ಕಾರಣದಿಂದಲೇ ನಾಲ್ಕು ಮಾತು ಹೇಳಬೇಕೆನಿಸಿದೆ.

ಇನ್ನೊಂದು ಕಾರಣ ನಮ್ಮ ಕಸುಬಿನ ಸಮಯಕ್ಕೆ ಸಂಬಂಧಿಸಿದ್ದು. ಹೈನುಗಾರರ ಮನೆಯಲ್ಲಿ ಹೆಚ್ಚು ಗಡಿಬಿಡಿಯ ಹೊತ್ತು ಎರಡು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಮತ್ತು ಸಂಜೆ ಅದೇ ಕೆಲಸದ ಹೊತ್ತು. ಮಗುವಿಗೆ ತಂದೆ ತಾಯಿ ಬೇಕಾಗುವುದೂ ಅದೇ ಎರಡು ಹೊತ್ತಿನಲ್ಲಿ. ಬೆಳಿಗ್ಗೆ ಎದ್ದು ಶಾಲೆಗೆ ಹೊರಡುವಾಗ, ಸಂಜೆ ಶಾಲೆಯ ಸುದ್ದಿ ಹೊತ್ತು ಬಂದಾಗ. ಹಾಲಿನ ಗಾಡಿ ಯಾರಿಗೂ ಕಾಯುವುದಿಲ್ಲ, ಆದ್ದರಿಂದ ಕಾಯುವ ಸರದಿ ಯಾವಾಗಲೂ ಮಗುವಿನದೇ ಆಗುತ್ತದೆ. ಇದು ಯಾರ ತಪ್ಪೂ ಅಲ್ಲ. ಆದರೆ ಇದನ್ನು ತಿಳಿದು ಸರಿದೂಗಿಸಿಕೊಳ್ಳಬೇಕು.

1. ಹೊಟ್ಟೆ ತುಂಬಿದರೆ ಸಾಲದು

ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭವಾಗಿ, ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ ಹಾಲು ದೊರೆಯುವಂತಾಯಿತು. ಇದರಲ್ಲಿ ನಿಮ್ಮೆಲ್ಲರ ಶ್ರಮದ ಪಾಲಿದೆ. ಮಗುವಿನ ಮೈ ಬೆಳೆಯಲು ಹಾಲು ಬೇಕೇ ಬೇಕು. ಆದರೆ ಮಗು ಬೆಳೆಯಲು ಹಾಲೊಂದೇ ಸಾಲದು ಎಂಬುದನ್ನು ತೋರಿಸಿಕೊಟ್ಟ ಒಂದು ಪ್ರಯೋಗವಿದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೊ ಎಂಬ ಮನೋವಿಜ್ಞಾನಿ, ತಾಯಿಯಿಂದ ಬೇರ್ಪಡಿಸಿದ ಕೋತಿ ಮರಿಗಳ ಮುಂದೆ ಎರಡು ಗೊಂಬೆ ತಾಯಂದಿರನ್ನು ಇಟ್ಟರು. ಒಂದು ಬರೀ ತಂತಿಯಿಂದ ಮಾಡಿದ್ದು, ಅದರಲ್ಲಿ ಹಾಲಿನ ಬಾಟಲಿ ಇತ್ತು. ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು, ಅದರಲ್ಲಿ ಹಾಲಿರಲಿಲ್ಲ. ಮರಿಗಳು ಹಸಿವಾದಾಗ ಮಾತ್ರ ತಂತಿಯ ತಾಯಿಯ ಬಳಿ ಹೋಗಿ ಹಾಲು ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿದ್ದವು. ಹೆದರಿಸಿದಾಗಲೂ ಓಡಿದ್ದು ಬಟ್ಟೆಯ ತಾಯಿಯ ಕಡೆಗೇ. ಮುಂದೆ ಯಾರ ಸಹವಾಸವೂ ಇಲ್ಲದೆ ಒಂಟಿಯಾಗಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಗುಂಪಿನಲ್ಲಿ ಬಾಳಲಾರದೆ ಹೋದವು. ತಾವೇ ತಾಯಂದಿರಾದಾಗ ಕೆಲವು ತಮ್ಮ ಮರಿಗಳನ್ನೇ ಹತ್ತಿರ ಸೇರಿಸಲಿಲ್ಲ. ಪ್ರಯೋಗ ಕ್ರೂರವಾದದ್ದು ನಿಜ. ಆದರೆ ಹಾಲು ಕೊಡುವುದೇ ತಾಯ್ತನವಲ್ಲ, ಅಪ್ಪಿಕೊಳ್ಳಲು ಒಂದು ಜೀವ ಬೇಕು ಎಂಬ ಪಾಠವನ್ನು ಅದು ಕಲಿಸಿತು. ಇದಕ್ಕೂ ಮೊದಲೇ, 1951ರಲ್ಲಿ ಇಂಗ್ಲೆಂಡಿನ ಜಾನ್ ಬೌಲ್ಬಿ ಎಂಬ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಕದಲದೆ ಜೊತೆಗಿರುವ ಪ್ರೀತಿಯ ಆಸರೆ ಅತ್ಯಗತ್ಯವೆಂದು ಹೇಳಿದ್ದರು.

ನಮ್ಮ ಹಳ್ಳಿಯ ಮನೆಗಳಲ್ಲಿ ಈ ಆಸರೆ ತಾಯಿಯೊಬ್ಬಳೇ ಆಗಬೇಕಿಲ್ಲ. ಅಜ್ಜಿ, ತಾತ, ಚಿಕ್ಕಮ್ಮ, ಅಕ್ಕ ಯಾರಾದರೂ ಆಗಬಹುದು. ತಂದೆಯಂತೂ ಖಂಡಿತ ಆಗಬಹುದು. "ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸ" ಎನ್ನುವ ಗಂಡಸರು, ಕರು ಹಾಕುವ ರಾತ್ರಿ ಹಸುವಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುವುದನ್ನು ನಾನು ಬಲ್ಲೆ. ಆ ಅಕ್ಕರೆಯಲ್ಲಿ ಒಂದು ಪಾಲು ಮಗುವಿಗೂ ಸಿಗಲಿ.

2. ಎಳವೆಯಲ್ಲಿ ಮಾತೇ ಮೇವು

ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ಅದರ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇಕಡ 90ರಷ್ಟು ಬೆಳೆದಿರುತ್ತದೆ. ಈ ಬೆಳವಣಿಗೆಗೆ ಪೌಷ್ಟಿಕ ಆಹಾರದಷ್ಟೇ ಮಾತು, ಸ್ಪರ್ಶ, ಆಟ ಬೇಕು. ಇದಕ್ಕೆಂದು ಬೇರೆ ಸಮಯ ಹುಡುಕಬೇಕಾಗಿಲ್ಲ. ಕೈಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಬಾಯಲ್ಲಿ ಮಾತು ನಡೆಯಲಿ. "ನೋಡು ಕಂದಾ, ಕರು ಬಾಲ ಆಡಿಸ್ತಾ ಇದೆ, ಅದಕ್ಕೆ ಹಸಿವಂತೆ" ಎಂದರೆ ಸಾಕು. ಮಗು ಮಾತು ಕಲಿಯುವುದರ ಜೊತೆಗೆ ಇನ್ನೊಂದು ಜೀವದ ಹಸಿವನ್ನೂ ಕಲಿಯುತ್ತದೆ.

ಇತ್ತೀಚೆಗೆ ಹಾಲು ಕರೆಯುವ ಹೊತ್ತಿನಲ್ಲಿ ಮಗು ಅಳದಿರಲೆಂದು ಮೊಬೈಲ್ ಕೈಗೆ ಕೊಟ್ಟು ಕೂರಿಸುವುದು ಹೆಚ್ಚಾಗಿದೆ. ಭಾರತೀಯ ಮಕ್ಕಳ ತಜ್ಞರ ಸಂಘವು 2021ರಲ್ಲಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿ.ವಿ. ತೋರಿಸಲೇಬಾರದು. ದೂರದಲ್ಲಿರುವ ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ಮುಖ ನೋಡಿ ಮಾತನಾಡುವುದಕ್ಕೆ ಮಾತ್ರ ವಿನಾಯಿತಿ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು. ಮೊಬೈಲಿನ ಬದಲು ಒಂದು ಚಿಕ್ಕ ಚೆಂಬು, ನಾಲ್ಕು ಜೋಳದ ದಂಟು ಕೊಟ್ಟು ನಿಮ್ಮ ಕಣ್ಣೆದುರಿಗೆ, ಹಸುಗಳ ಕಾಲಿಗೆ ಸಿಗದಷ್ಟು ದೂರದಲ್ಲಿ ಕೂರಿಸಿ.

3. ದಿನಕ್ಕೆ ಹದಿನೈದು ನಿಮಿಷ

ಹಸು ಹೊತ್ತು ತಿಳಿದ ಪ್ರಾಣಿ. ಕರೆಯುವ ವೇಳೆ ಅರ್ಧ ಗಂಟೆ ಹೆಚ್ಚು ಕಡಿಮೆಯಾದರೂ ಕೂಗಿ ಹೇಳುತ್ತದೆ. ಮಗು ಕೂಗಿ ಹೇಳುವುದಿಲ್ಲ. ಆದರೆ ಅದಕ್ಕೂ ನೆಮ್ಮದಿ ಬರುವುದು ನಿಗದಿಯಾದ ಹೊತ್ತಿನಿಂದಲೇ. ಊಟಕ್ಕೆ, ನಿದ್ದೆಗೆ, ಓದಿಗೆ, ಆಟಕ್ಕೆ ಒಂದು ಹೊತ್ತು ಗೊತ್ತಾಗಿರಲಿ.

ಸಂಜೆ ಡೈರಿಗೆ ಹಾಲು ಹಾಕಿ ಬಂದು ಕೈಕಾಲು ತೊಳೆದ ಮೇಲೆ ಹದಿನೈದು ನಿಮಿಷ ಮಗುವಿಗಾಗಿ ತೆಗೆದಿಡಿ. ಆ ಹೊತ್ತಿನಲ್ಲಿ ಲೆಕ್ಕದ ಮಾತು ಬೇಡ, ಮೊಬೈಲ್ ಬೇಡ. "ಎಷ್ಟು ಮಾರ್ಕ್ಸ್ ಬಂತು?" ಎಂದು ಶುರು ಮಾಡಬೇಡಿ. "ಇವತ್ತು ಯಾರ ಜೊತೆ ಆಡಿದೆ? ನಗು ಬಂದದ್ದು ಯಾವುದಕ್ಕೆ? ಬೇಜಾರಾದದ್ದು ಯಾವುದಕ್ಕೆ?" ಎಂದು ಕೇಳಿ. ಮೊದಲ ವಾರ "ಏನೂ ಇಲ್ಲ" ಎಂದೇ ಉತ್ತರ ಬರಬಹುದು. ಎರಡನೆಯ ವಾರದಿಂದ ಮಾತು ಹೊರಡುತ್ತದೆ. ಮಗು ಮಾತನಾಡುವಾಗ ನಡುವೆ ಬಾಯಿ ಹಾಕಿ ತೀರ್ಪು ಕೊಡದೆ ಕೇಳಿಸಿಕೊಳ್ಳಿ. ಸಣ್ಣ ವಿಷಯ ಕೇಳಿಸಿಕೊಂಡ ತಂದೆ ತಾಯಿಗೆ ಮಾತ್ರ ಮಕ್ಕಳು ಮುಂದೆ ದೊಡ್ಡ ವಿಷಯ ಹೇಳುತ್ತಾರೆ.

4. ಹೆದರಿದ ಹಸು ಹಾಲಿಳಿಸದು

ಕೆಚ್ಚಲು ತೊಳೆದು ನಯವಾಗಿ ಸವರಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಹಾಲು ಇಳಿಯುತ್ತದೆ. ಅದೇ ಹಸುವಿಗೆ ಕರೆಯುವ ಮುಂಚೆ ಎರಡೇಟು ಹೊಡೆದರೆ ಅಡ್ರಿನಲಿನ್ ಏರಿ, ಕೆಚ್ಚಲಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. ಇದನ್ನು ತರಬೇತಿ ಶಿಬಿರಗಳಲ್ಲಿ ತಾವೆಲ್ಲ ಕೇಳಿದ್ದೀರಿ, ಅನುಭವದಿಂದಲೂ ಬಲ್ಲಿರಿ. ಮಗುವಿನ ದೇಹದಲ್ಲೂ ಭಯದ ಹಾರ್ಮೋನುಗಳಿವೆ. ಹೆದರಿಕೆಯಲ್ಲಿರುವ ಮಗುವಿಗೆ ಗೊತ್ತಿರುವ ಮಗ್ಗಿಯೂ ಮರೆತುಹೋಗುತ್ತದೆ. "ನಿನ್ನೆ ಹೇಳಿಕೊಟ್ಟಿದ್ದೇನೆ, ಇವತ್ತು ಬರಲ್ಲ ಅಂತಾನೆ" ಎಂದು ಮತ್ತೆ ಹೊಡೆದರೆ ಇನ್ನಷ್ಟು ಮರೆಯುತ್ತದೆ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ನಿಷೇಧಿಸಿದೆ. ಮೇಷ್ಟರಿಗೆ ಕೂಡದ್ದು ಮನೆಯಲ್ಲಿ ಹೇಗೆ ಒಳ್ಳೆಯದಾದೀತು?

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಹೊಡೆಯುವುದಕ್ಕೆ ಸಮರ್ಥನೆಯಾಗಿ ಬಳಸುವವರಿದ್ದಾರೆ. ಆದರೆ ಗಿಡವನ್ನು ನೆಟ್ಟಗೆ ಬೆಳೆಸಲು ನಾವು ಊರುಗೋಲು ಕಟ್ಟುತ್ತೇವೆಯೇ ಹೊರತು ಬಡಿಯುವುದಿಲ್ಲ. ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ನಿಯಮಗಳು ಕಡಿಮೆ ಇರಲಿ, ಸ್ಪಷ್ಟವಾಗಿರಲಿ, ಎಲ್ಲರಿಗೂ ಒಂದೇ ಇರಲಿ. ತಪ್ಪು ಮಾಡಿದರೆ "ನೀನು ದಂಡಪಿಂಡ" ಎನ್ನಬೇಡಿ, "ನೀನು ಮಾಡಿದ ಈ ಕೆಲಸ ತಪ್ಪು" ಎನ್ನಿ. ಹಾಲು ಚೆಲ್ಲಿದವನೇ ನೆಲ ಒರೆಸಲಿ, ಅಷ್ಟು ಶಿಕ್ಷೆ ಸಾಕು.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ. ಬಟವಾಡೆಯ ದಿನ ಕೈಗೆ ಹಣ ಬಂದಾಗ ಕೆಲವು ಮನೆಗಳಲ್ಲಿ ಕುಡಿತ, ಕುಡಿತದ ಹಿಂದೆ ಜಗಳ. ಮಕ್ಕಳು ಮಲಗಿದ್ದಾರೆ ಎಂದು ದೊಡ್ಡವರು ತಿಳಿಯುತ್ತಾರೆ. ಕಂಬಳಿಯ ಒಳಗೆ ಮಗು ಎಚ್ಚರವಾಗಿಯೇ ಇರುತ್ತದೆ, ಎಲ್ಲವನ್ನೂ ಕೇಳುತ್ತಿರುತ್ತದೆ. ಜಗಳಕ್ಕೆ ತಾನೇ ಕಾರಣವಿರಬೇಕೆಂದು ಎಷ್ಟೋ ಮಕ್ಕಳು ನಂಬುತ್ತಾರೆ. ಹಸು ಸಾಕಿ ಗಳಿಸಿದ ಹಣ ಮಗುವಿನ ನಿದ್ದೆ ಕೆಡಿಸುವಂತಾಗಬಾರದು.

5. ಕೆಲಸ ಕೊಡಿ, ಹೊರೆ ಹೊರಿಸಬೇಡಿ

ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಮನೆಯ ಜಗಳಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಅಷ್ಟೆಲ್ಲ ಕಷ್ಟವಿದ್ದರೂ ಸಮರ್ಥರಾಗಿ, ಪ್ರೀತಿಯುಳ್ಳವರಾಗಿ ಬೆಳೆದರು. ಅವರಿಗೆ ನೆರವಾದ ಸಂಗತಿಗಳಲ್ಲಿ ಎರಡು ನಮಗೆ ಮುಖ್ಯ. ಮೊದಲನೆಯದು, ನಂಬಬಹುದಾದ ಒಬ್ಬ ಹಿರಿಯರಾದರೂ ಜೊತೆಗಿದ್ದದ್ದು. ಎರಡನೆಯದು, ಮನೆಯವರಿಗೆ ಉಪಯೋಗವಾಗುವಂಥ ಹೊಣೆಯೊಂದನ್ನು ಹೊತ್ತದ್ದು.

ಎರಡನೆಯದು ಹೈನುಗಾರರ ಮನೆಯಲ್ಲಿ ಸುಲಭವಾಗಿ ಸಿಗುತ್ತದೆ. ಪೇಟೆಯ ಮಕ್ಕಳಿಗೆ ಇಲ್ಲದ ಭಾಗ್ಯ ಇದು. ವಯಸ್ಸಿಗೆ ತಕ್ಕಂತೆ ಹೀಗೆ ಕೊಡಬಹುದು:

(ಅ) 5ರಿಂದ 7 ವರ್ಷ: ಕರುವಿಗೆ ಹೆಸರಿಡುವುದು, ದೊಡ್ಡವರ ಜೊತೆಯಲ್ಲಿ ನೀರು ತೋರಿಸುವುದು, ಎಳೆ ಹುಲ್ಲು ಹಾಕುವುದು.

(ಆ) 8ರಿಂದ 11 ವರ್ಷ: ಕರುವಿನ ಮೈ ಉಜ್ಜುವುದು, ಲಸಿಕೆ ಮತ್ತು ಔಷಧಿಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು.

(ಇ) 12 ವರ್ಷ ಮೇಲ್ಪಟ್ಟು: ಹಾಲಿನ ಲೀಟರು, ಫ್ಯಾಟ್, ದರ ನೋಡಿ ಬಟವಾಡೆಯ ಲೆಕ್ಕ ತಾಳೆ ಹಾಕುವುದು, ಹಸು ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ ಬರೆದಿಡುವುದು.

ಮಾಡಿದ ಕೆಲಸವನ್ನು ಗುರುತಿಸಿ ಒಂದು ಒಳ್ಳೆಯ ಮಾತು ಹೇಳಿ. ಆದರೆ ಶಾಲೆ ತಪ್ಪಿಸಿ ಮೇವಿಗೆ ಕಳಿಸುವುದು, ಪರೀಕ್ಷೆಯ ದಿನವೂ ಸಗಣಿ ಬಾಚಿಸುವುದು ಕೂಡದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ ಮಕ್ಕಳು ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗಬಹುದು, ಆದರೆ ಅಪಾಯದ ಕೆಲಸ ಮಾಡುವಂತಿಲ್ಲ. ಮೇವು ಕತ್ತರಿಸುವ ಯಂತ್ರದ ಬಳಿ ಮಕ್ಕಳನ್ನು ಬಿಡಲೇಬೇಡಿ. ಕಂದು ಹಾಕಿದ ಹಸುವಿನ ಸತ್ತೆಯನ್ನು ಮುಟ್ಟಿಸಬೇಡಿ, ಕಂದು ರೋಗ ಮನುಷ್ಯರಿಗೂ ಅಂಟುತ್ತದೆ. ಕೊಟ್ಟಿಗೆಯಿಂದ ಬಂದ ಕೂಡಲೇ ಸೋಪಿನಿಂದ ಕೈ ತೊಳೆಯುವುದನ್ನು ರೂಢಿ ಮಾಡಿಸಿ. ಮಗ ಓದಲಿ, ಮಗಳು ಸಗಣಿ ಬಾಚಲಿ ಎಂಬ ಹಂಚಿಕೆಯನ್ನೂ ಬಿಡಬೇಕು. ಹೆಣ್ಣು ಮಗು ಬಾಯಿಬಿಟ್ಟು ಹೇಳದಿದ್ದರೂ ಈ ತಾರತಮ್ಯ ಅದರ ಮನಸ್ಸಿನಲ್ಲಿ ಉಳಿಯುತ್ತದೆ.

6. ಹಸು ಮಾರಿದಾಗ, ಕರು ಸತ್ತಾಗ

ನಮ್ಮ ಕಸುಬಿನಲ್ಲಿ ಕೊಳ್ಳುವುದು, ಮಾರುವುದು, ಸಾವು ಎಲ್ಲವೂ ಇದ್ದದ್ದೇ. ದೊಡ್ಡವರಿಗೆ ಅದು ಲೆಕ್ಕ, ಮಗುವಿಗೆ ಅದು ಸಂಬಂಧ. ಕೆಲವು ವರ್ಷಗಳ ಹಿಂದೆ ನಮ್ಮ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಸಾಲದ ಕಂತಿಗಾಗಿ ಒಂದು ಹಸುವನ್ನು ಮಾರಿದರು. ಅದರ ಬೆನ್ನ ಹಿಂದೆಯೇ ಬೆಳೆದ ಒಂಬತ್ತು ವರ್ಷದ ಹುಡುಗ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ವ್ಯಾಪಾರ ಮುಗಿಸಿ ಕಳಿಸಿಕೊಟ್ಟರು. ಹುಡುಗ ಕೇಳಿದಾಗ "ಮಾವನ ಊರಿಗೆ ಮೇಯೋಕೆ ಹೋಗಿದೆ, ಬರುತ್ತೆ" ಎಂದರು. ನಿಜ ತಿಳಿದದ್ದು ಶಾಲೆಯಲ್ಲಿ, ಜೊತೆಯ ಹುಡುಗರ ಬಾಯಿಂದ. ಅಂದಿನಿಂದ ಅವನು ಕೊಟ್ಟಿಗೆಗೆ ಕಾಲಿಡಲಿಲ್ಲ, ತಂದೆಯ ಜೊತೆ ಊಟಕ್ಕೆ ಕೂರಲಿಲ್ಲ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು. ಕಡೆಗೆ ಅವನ ತಾತ "ತಪ್ಪು ನಮ್ಮದೇ ಕಣಪ್ಪ, ನಿನಗೆ ಹೇಳಬೇಕಿತ್ತು" ಎಂದು ಬಸ್ಸಿನಲ್ಲಿ ಆ ಊರಿಗೆ ಕರೆದುಕೊಂಡು ಹೋಗಿ ಹಸುವನ್ನು ತೋರಿಸಿದರು. ಹಸು ಚೆನ್ನಾಗಿಯೇ ಇತ್ತು. ಹುಡುಗ ದಾರಿಯುದ್ದಕ್ಕೂ ಅತ್ತನಂತೆ. "ಮೊದಲೇ ಹೇಳಿದ್ದರೆ ಬೆಲ್ಲ ತಿನ್ನಿಸಿ ಕಳಿಸ್ತಿದ್ದೆ" ಎಂದನಂತೆ. ಮಾರನೆಯ ದಿನ ತಾನಾಗಿಯೇ ಪೊರಕೆ ಹಿಡಿದು ಕೊಟ್ಟಿಗೆಗೆ ಹೋದ. ಇದನ್ನು ನನಗೆ ಹೇಳಿದವರು ಆ ತಾತನೇ.

ಗಮನಿಸಿ, ಹುಡುಗ ಹಸುವನ್ನು ಮಾರಬೇಡಿ ಎಂದು ಹಟ ಹಿಡಿದಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನಿಜ ಮತ್ತು ಬೀಳ್ಕೊಡುವ ಅವಕಾಶ. ಆದ್ದರಿಂದ ಮಾರುವ ಮುಂಚೆ ಮಗುವಿಗೆ ಕಾರಣ ಹೇಳಿ. ಅರಿಶಿನ ಕುಂಕುಮ ಇಟ್ಟು ಕಳಿಸುವಾಗ ಮಗುವೂ ಜೊತೆಗಿರಲಿ. ಅಳಲಿ, "ಗಂಡು ಹುಡುಗ ಅಳಬಾರದು" ಎನ್ನಬೇಡಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿ ಅನೇಕ ಜಾನುವಾರುಗಳು ಸತ್ತಾಗ ನಾವೆಲ್ಲ ಲಸಿಕೆ, ಪರಿಹಾರದ ಓಡಾಟದಲ್ಲಿದ್ದೆವು. ಹಳ್ಳವನ್ನು ತೋಡಿ ಹೂಳುವಾಗ ಬೇಲಿಯ ಬಳಿ ನಿಂತು ನೋಡುತ್ತಿದ್ದ ಮಕ್ಕಳ ಜೊತೆ ಯಾರು ಮಾತನಾಡಿದರು ಎಂಬುದು ನೆನೆದುಕೊಳ್ಳಬೇಕಾದ ಪ್ರಶ್ನೆ.

ಗಂಡು ಕರುವಿನ ವಿಷಯವೂ ಇದೇ. ಹೆಣ್ಣು ಕರುವಿಗೆ ಗಿಣ್ಣು ಹಾಲು ಕುಡಿಸಿ ಗೋಣಿ ಹೊದಿಸಿ, ಗಂಡು ಕರುವನ್ನು ಅರೆಹೊಟ್ಟೆಯಲ್ಲಿ ಕಟ್ಟಿಹಾಕುವುದನ್ನು ಮಗು ನೋಡುತ್ತದೆ. "ಅದು ಹಾಲು ಕೊಡಲ್ಲ, ಬಿಡು" ಎಂಬ ಮಾತನ್ನು ಕೇಳುತ್ತದೆ. ಹಾಗಾದರೆ ಉಪಯೋಗವಿದ್ದವರಿಗೆ ಮಾತ್ರ ಈ ಮನೆಯಲ್ಲಿ ಅನ್ನವೇ ಎಂಬ ಸಂಶಯ ಅದರ ಮನಸ್ಸಿನಲ್ಲಿ ಮೂಡುತ್ತದೆ. ಇರುವಷ್ಟು ದಿನ ಆ ಕರುವಿಗೂ ಹೊಟ್ಟೆ ತುಂಬಾ ಕುಡಿಸಿ. ಅದು ಪಶುಪಾಲನೆಯ ಧರ್ಮವೂ ಹೌದು, ಮಗುವಿಗೆ ಪಾಠವೂ ಹೌದು.

7. ಮಗುವಿಗೆ ಲ್ಯಾಕ್ಟೋಮೀಟರ್ ಇಲ್ಲ

ಆ ಸಂಶಯ ನಿಜವೆಂದು ಮಗುವಿಗೆ ಅನ್ನಿಸುವುದು ಪರೀಕ್ಷೆಯ ಫಲಿತಾಂಶದ ದಿನ. ಹಾಲಿನ ಫ್ಯಾಟ್ ನೋಡಿ ದರ ಕಟ್ಟುವುದು ಸರಿ. ಅಂಕ ನೋಡಿ ಮಗುವಿಗೆ ದರ ಕಟ್ಟುವುದು ಸರಿಯಲ್ಲ. "ಪಕ್ಕದ ಮನೆಯವನಿಗೆ 90 ಬಂತು, ನಿನಗೆ ಹಾಕಿದ್ದು ದಂಡ" ಎಂಬ ಮಾತು ಒಂದು ಕ್ಷಣದಲ್ಲಿ ಬಾಯಿಂದ ಬೀಳುತ್ತದೆ, ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶದ ದಿನ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಇದನ್ನು ಫಲಿತಾಂಶ ಬರುವ ಮೊದಲೇ ಮಗುವಿಗೆ ಹೇಳಿ. "ಪಾಸಾದರೂ ನೀನು ನಮ್ಮ ಮಗ, ಫೇಲಾದರೂ ನಮ್ಮ ಮಗ" ಎಂಬ ಒಂದು ವಾಕ್ಯಕ್ಕೆ ಖರ್ಚಿಲ್ಲ.

8. ಎಚ್ಚರ ವಹಿಸಬೇಕಾದ ಲಕ್ಷಣಗಳು

ಹಿಂಡು ಬಿಟ್ಟು ಒಂಟಿಯಾಗಿ ನಿಂತ, ಮೆಲುಕು ಹಾಕದ ಹಸುವನ್ನು ತಾವು ದೂರದಿಂದಲೇ ಗುರುತಿಸುತ್ತೀರಿ. ಮಗುವಿನಲ್ಲಿ ಈ ಕೆಳಗಿನ ಬದಲಾವಣೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕಂಡರೆ ಉದಾಸೀನ ಮಾಡಬೇಡಿ:

- ಜೊತೆಗಾರರನ್ನು, ಆಟವನ್ನು ಬಿಟ್ಟು ಒಂಟಿಯಾಗಿರುವುದು.
- ಊಟ, ನಿದ್ದೆಯಲ್ಲಿ ಏರುಪೇರು. ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು.
- ಕಾರಣವಿಲ್ಲದೆ ಸಿಟ್ಟು, ಅಳು. ಪ್ರಾಣಿಗಳನ್ನು ಹಿಂಸಿಸುವುದು.
- ಶಾಲೆಗೆ ಹೋಗಲು ಹೆದರಿಕೆ, ಪದೇಪದೇ ಹೊಟ್ಟೆನೋವು, ತಲೆನೋವು.
- ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಅಂಜಿ ದೂರ ಸರಿಯುವುದು.

"ನಾನು ಇರಬಾರದು, ಸಾಯಬೇಕು" ಎಂಬಂಥ ಮಾತು ಬಂದರೆ ಎರಡು ವಾರವಿರಲಿ, ಎರಡು ದಿನವೂ ಕಾಯಬೇಡಿ. ಬೈಯಬೇಡಿ, ನಗೆಯಾಡಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿಕೊಡುತ್ತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಮಕ್ಕಳ ಮೇಲೆ ದೌರ್ಜನ್ಯವಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಇದರ ಜೊತೆಗೆ ಇಂದೇ ಮಾಡಬೇಕಾದ ಕೆಲಸವೊಂದಿದೆ. ಬೆಳೆಗೆ ಹೊಡೆಯುವ ಕೀಟನಾಶಕ, ಇಲಿ ಪಾಷಾಣ, ಹಸುವಿನ ಉಣ್ಣೆಗೆ ಹಚ್ಚುವ ಔಷಧಿ ಇವು ಕೊಟ್ಟಿಗೆಯ ಗೂಡಿನಲ್ಲೋ ಸೂರಿನ ಸಂದಿಯಲ್ಲೋ ಕೈಗೆಟಕುವಂತೆ ಇರುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಇವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ದೊಡ್ಡವರ ಬಳಿ ಇರಲಿ. ಕೆಟ್ಟ ಗಳಿಗೆಯೊಂದು ಬಂದಾಗ ವಿಷ ಕೈಗೆ ಸಿಗದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ, ಜೀವ ಉಳಿಯುತ್ತದೆ.

9. ತಡವಾಯಿತೆಂದು ಕೈ ಚೆಲ್ಲಬೇಡಿ

ಕರುವಿಗೆ ಗಿಣ್ಣು ಹಾಲನ್ನು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಕುಡಿಸಬೇಕು. ಒಂದು ದಿನ ಕಳೆದರೆ ಅದರಲ್ಲಿರುವ ರೋಗ ನಿರೋಧಕ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳಲಾರದು. ಮಕ್ಕಳ ಮನಸ್ಸು ಹಾಗಲ್ಲ. ಮೊದಲ ವರ್ಷಗಳು ಮುಖ್ಯವಾದರೂ ಆ ಬಾಗಿಲು ಒಂದು ದಿನಕ್ಕೆ ಮುಚ್ಚುವಂಥದ್ದಲ್ಲ. ಹತ್ತು ವರ್ಷದ ಮಗು, ಹದಿನಾರು ವರ್ಷದ ಹುಡುಗ ಕೂಡ ತಂದೆ ಹತ್ತಿರ ಬಂದು ಕೂತರೆ ಮೊದಲು ಬೆರಗಾಗುತ್ತಾರೆ, ಆಮೇಲೆ ಮಾತನಾಡುತ್ತಾರೆ.

ಸಂಘದ ಆಡಳಿತ ಮಂಡಳಿಯವರಿಗೂ ಒಂದು ವಿನಂತಿ. ಸರ್ವ ಸದಸ್ಯರ ಸಭೆಯಲ್ಲಿ ಹೆಚ್ಚು ಹಾಲು ಹಾಕಿದ ಸದಸ್ಯರನ್ನು ಸನ್ಮಾನಿಸುವಾಗ, ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುವಾಗ, ಕರು ಚೆನ್ನಾಗಿ ಸಾಕಿದ ಒಂದು ಮಗುವನ್ನೂ ವೇದಿಕೆಗೆ ಕರೆಯಿರಿ. ವರ್ಷಕ್ಕೊಮ್ಮೆ ತಾಲ್ಲೂಕಿನ ಆರೋಗ್ಯ ಇಲಾಖೆಯವರನ್ನು ಕರೆಸಿ ತಂದೆ ತಾಯಂದಿರಿಗೆ ಒಂದು ಗಂಟೆಯ ತಿಳುವಳಿಕೆ ಏರ್ಪಡಿಸಿ. 14416 ಮತ್ತು 1098 ಸಂಖ್ಯೆಗಳನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಅಲ್ಲಿಗೆ ದಿನಕ್ಕೆ ಎರಡು ಸಲ ಎಲ್ಲರ ಕಣ್ಣೂ ಹೋಗುತ್ತದೆ.

ನೆನಪಿಡಿ

1. ಸಂಜೆ ಹಾಲು ಹಾಕಿ ಬಂದ ಮೇಲೆ ಮಗುವಿಗೆ ಹದಿನೈದು ನಿಮಿಷ.
2. ಹೊಡೆತವಿಲ್ಲ, ಹೋಲಿಕೆಯಿಲ್ಲ. ನಿಯಮ ಕಡಿಮೆ, ಸ್ಪಷ್ಟ.
3. ವಯಸ್ಸಿಗೆ ತಕ್ಕ ಕೆಲಸ. ಶಾಲೆಯ ಹೊತ್ತಿನಲ್ಲಿ ಇಲ್ಲ, ಯಂತ್ರದ ಬಳಿ ಇಲ್ಲ.
4. ಹಸು ಮಾರುವಾಗ, ಸತ್ತಾಗ ಮಗುವಿಗೆ ನಿಜ ಹೇಳಿ.
5. ವಿಷದ ಪದಾರ್ಥಗಳಿಗೆ ಬೀಗ.
6. ಮಗು ಮಂಕಾದರೆ ಕಾರಣ ಕೇಳಿ. ಬೇಕಾದರೆ ವೈದ್ಯರ ನೆರವು ಪಡೆಯಿರಿ.

ಮುಂದಿನ ಸಲ ಕರುವಿಗೆ ಲಸಿಕೆ ಹಾಕಲು ನಿಮ್ಮ ಮನೆಗೆ ಬಂದಾಗ ಕರುವಿನ ಹೆಸರನ್ನು ನಿಮ್ಮ ಮಗುವಿನ ಬಾಯಿಂದಲೇ ಕೇಳುತ್ತೇನೆ. ಮಗುವಿಗೆ ಈಗಲೇ ಹೇಳಿಟ್ಟಿರಿ.